ಶೋಕೇಸಿನ ಚೆಲುವೆ ಕಂಡ ಕಸ್ತೂರಿ

ಹುಟ್ಟುವಾಗ ಎಲ್ಲರೂ ಅಳುತ್ತಾರಂತೆ. ನಾನು ನಗುತ್ತಲೇ ಹುಟ್ಟಿದೆ, ತುಟಿಯನ್ನು ಹಾಗೆಯೇ ಬರೆದಿದ್ದರು. ನಾನು ಜವಳಿ ಅಂಗಡಿಯ ಬೊಂಬೆ. ಬೆಂಗಳೂರಿನ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ ಅಚ್ಚಿಗೆ ಫೈಬರ್ ಮೆತ್ತಿ, ಒಣಗಿಸಿ, ಉಜ್ಜಿ ನನ್ನನ್ನು ಮಾಡಿದರು. ನನ್ನ ಸೊಂಟ ಎರಡು ಅಂಗೈಯೊಳಗೆ ಹಿಡಿಯುವಷ್ಟು. ಅಷ್ಟರೊಳಗೆ ಒಂದು ರೊಟ್ಟಿಯಾದರೂ ಹಿಡಿಸೀತೇ ಎಂದು ಮಾಡಿದವರು ಯೋಚಿಸಲಿಲ್ಲ. ಬಣ್ಣದವನು ಬಿಳಿ ಡಬ್ಬಿಗೆ ಚೂರು ಗುಲಾಬಿ ಬೆರೆಸಿ ಮೈಗೆಲ್ಲ ಹೊಡೆದ. ಆ ಬಣ್ಣದ ಒಬ್ಬ ಹೆಂಗಸನ್ನೂ ನಾನು ಈವರೆಗೆ ಕಂಡಿಲ್ಲ.

ಅಲ್ಲಿಂದ ಲಾರಿ ಹತ್ತಿ ಗದಗಿಗೆ ಬಂದೆ. ಪೇಟೆಯಲ್ಲಿ ಚನ್ನವೀರಪ್ಪ ಶೆಟ್ಟರ ಸೀರೆ ಅಂಗಡಿ. ಶೆಟ್ಟರು ನನ್ನನ್ನು ಬಾಗಿಲ ಪಕ್ಕದ ಗಾಜಿನ ಶೋಕೇಸಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿದರು. ದಾರಿಹೋಕರು ನಿಂತು ನೋಡುವರು, ನಾನು ಉಬ್ಬುವೆ. ಮೇಲೆ ಥಳಕು ಒಳಗೆ ಹುಳುಕು ಎನ್ನುತ್ತಾರಲ್ಲ, ನನ್ನೊಳಗೆ ಹುಳುಕೂ ಇರಲಿಲ್ಲ, ಬರೀ ಟೊಳ್ಳು. ಆದರೂ ಏನು ಜಂಬ!

ಜನ ನನ್ನ ಮೈಮೇಲೆ ಸೀರೆ ನೋಡಿ, ಅದನ್ನೇ ಕೊಂಡು ಹೋಗುತ್ತಿದ್ದರು. ಎಂಟು ದಿನದಲ್ಲಿ ಅರ್ಧಕ್ಕರ್ಧ ಮಂದಿ ಸೀರೆ ಬದಲಿಸಲು ಬರುತ್ತಿದ್ದರು. ಸೀರೆಯನ್ನು ಒಬ್ಬರೂ ಬೈಯುತ್ತಿರಲಿಲ್ಲ. "ಸೀರಿ ಚಲೋ ಐತ್ರಿ, ನಮ್ಮ ಹುಡುಗೀನ ಸರಿ ಇಲ್ಲ" ಎನ್ನುತ್ತಿದ್ದರು. ಹುಡುಗಿ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿರುತ್ತಿದ್ದಳು. ನಾನು ನಗುತ್ತಲೇ ಇರುತ್ತಿದ್ದೆ, ನನಗೆ ಬೇರೆ ಏನು ಬರುತ್ತದೆ?

ನನಗೆ ಸೀರೆ ಉಡಿಸುತ್ತಿದ್ದವಳು ಕಸ್ತೂರಿ. ನನ್ನ ಈ ಕಥೆ ಹೆಚ್ಚಾಗಿ ಅವಳದೇ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದು, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ನೆರಿಗೆ ಹಿಡಿದಳೆಂದರೆ ಒಂದೆಳೆ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಯಾವ ಸೆರಗು ಎಷ್ಟು ಇಳಿಬಿಟ್ಟರೆ ಚಂದ ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ಜನ ಹೊಗಳುತ್ತಿದ್ದುದು ನನ್ನನ್ನು, ಮೆರೆಸುತ್ತಿದ್ದವಳು ಅವಳು. ಬಾಗಿಲು ತೆರೆದ ಮೇಲೆ ಅವಳು ಹಿಂದಿನ ಕೋಣೆಯಲ್ಲಿ ಕೂತು, ಗಿರಾಕಿಗಳು ಹರವಿ ಬಿಟ್ಟ ಸೀರೆಗಳನ್ನು ಮಡಚಬೇಕಿತ್ತು.

ಕಾರಣ ಅವಳ ತೋಳು. ಕಸ್ತೂರಿಯದು ಎಣ್ಣೆಗಪ್ಪು ಮೈಬಣ್ಣ. ಎಡತೋಳಿನಲ್ಲಿ ಮಾತ್ರ ಮಣಿಕಟ್ಟಿನಿಂದ ಮೇಲಕ್ಕೆ ಹಾಲು ಚೆಲ್ಲಿದ ಹಾಗೆ ಬಿಳುಪು. ಊರವರು ತೊನ್ನು ಅನ್ನುತ್ತಿದ್ದರು. ಬೇಸಿಗೆಯಲ್ಲೂ ಅವಳು ಉದ್ದ ತೋಳಿನ ಕುಪ್ಪಸ ತೊಟ್ಟು ಬರುತ್ತಿದ್ದಳು. ಬೇರೆ ಅಂಗಡಿಯವರು ಬಾಗಿಲಿಂದಲೇ ವಾಪಸು ಕಳಿಸಿದ್ದಾಗ ಕೆಲಸ ಕೊಟ್ಟವರು ಶೆಟ್ಟರೇ. ಆದರೆ ಕೊಡುವಾಗಲೇ ಹೇಳಿದ್ದರು: "ಗಿರಾಕಿ ಮುಂದ ತೋಳು ಕಾಣಬಾರದವಾ. ಕಂಡ್ರ ನಾ ಏನೂ ಮಾಡಾಕ ಬರಂಗಿಲ್ಲ, ಬ್ಯಾರೆ ಕಡೆ ನೋಡ್ಕೋಬೇಕಾಕ್ಕೈತಿ."

ಅವಳಿಗಿದ್ದ ಆಸೆ ಒಂದೇ, ಮುಂದಿನ ಗಾದಿಯ ಮೇಲೆ ಕೂತು ಮದುವೆ ಸೀರೆ ತೋರಿಸುವುದು. ಅಲ್ಲಿ ಕೂರುತ್ತಿದ್ದವನು ಮಲ್ಲೇಶಪ್ಪ. ನಮ್ಮ ಕಡೆ ಸೀರೆ ಮಾರುವ ಗಂಡಸರು ಸೆರಗನ್ನು ತಮ್ಮ ಹೆಗಲಿಗೇ ಹಾಕಿಕೊಂಡು ತೋರಿಸುವುದು ರೂಢಿ. ಮಲ್ಲೇಶಪ್ಪ ಹುರಿಮೀಸೆಯ ಕೆಳಗೆ ಧಾರೆ ಸೀರೆ ಹೊದ್ದು ನಿಂತರೆ ಯಾರೂ ನಗುತ್ತಿರಲಿಲ್ಲ. ಅಷ್ಟು ದೊಡ್ಡ ಮೀಸೆ ನಡೆಯುತ್ತಿತ್ತು, ಒಂದು ಬಿಳಿ ಮಚ್ಚೆ ನಡೆಯುತ್ತಿರಲಿಲ್ಲ.

ಒಂದು ಮದುವೆ ಸುಗ್ಗಿಯಲ್ಲಿ ಮಲ್ಲೇಶಪ್ಪ ಜ್ವರ ಬಂದು ಮಲಗಿದ. ಅಂಗಡಿ ತುಂಬ ಗಿರಾಕಿ. ಶೆಟ್ಟರು ಬೇರೆ ದಾರಿಯಿಲ್ಲದೆ ಕಸ್ತೂರಿಯನ್ನು ಮುಂದೆ ಕರೆದು, "ಸೀರಿ ಎತ್ತಿಕೊಡು, ಅಷ್ಟ" ಅಂದರು. ಆಗ ಬಂದವಳು ದಾಕ್ಷಾಯಿಣಿ ಎಂಬ ಮದುವೆ ಹುಡುಗಿ, ಜೊತೆಗೆ ಅವಳ ಸೋದರತ್ತೆ. ಹುಡುಗಿಯದೂ ಕಸ್ತೂರಿಯಂಥದೇ ಬಣ್ಣ. ಅವಳ ಕಣ್ಣು ದಾಳಿಂಬೆ ಅಂಚಿನ ಸಾಸಿವೆ ಹಳದಿ ಸೀರೆಯ ಮೇಲೆ ಬಿತ್ತು, ಕೈ ತಾನಾಗಿಯೇ ಹೋಗಿ ಅದನ್ನು ಸವರಿತು.

"ಕರ್ರಗಿದ್ದಾಕಿಗೆ ಹಳದಿ ಒಪ್ಪತೈತೇನ?" ಅಂದಳು ಅತ್ತೆ. "ಆ ಬೊಂಬಿ ಉಟ್ಟಿದ್ದು ತಗೀರಿ. ತಿಳಿ ಗುಲಾಬಿ. ಬೊಂಬಿ ನೋಡ್ರಿ, ಸಾಕ್ಷಾತ್ ಲಕ್ಷ್ಮಿ ಕಂಡಂಗ ಕಾಣತಾಳ."

ನಾನು ಮತ್ತೊಮ್ಮೆ ಉಬ್ಬಿದೆ. ದಾಕ್ಷಾಯಿಣಿ ಕೈ ಹಿಂದೆ ತೆಗೆದುಕೊಂಡಳು. "ಯಾವುದಾದ್ರೂ ನಡಿತೈತಿ, ಅತ್ತಿ" ಅಂದಳು.

ಆ ಮಾತು ಕಸ್ತೂರಿಯನ್ನು ಚುಚ್ಚಿತು. ತನ್ನ ಪಾಲಿಗೆ ಬಂದದ್ದಕ್ಕೆಲ್ಲ ಅವಳೂ ಹೀಗೇ ಹೇಳಿಕೊಂಡು ಬಂದವಳು. ಅವಳು ನನ್ನ ಮೈಮೇಲಿನ ಗುಲಾಬಿ ಸೀರೆಯನ್ನು ಬಿಚ್ಚಿ, ಹಳದಿಯನ್ನೂ ಎತ್ತಿಕೊಂಡು, "ಬರ್ರಿ ಅಕ್ಕಾರ, ಬಣ್ಣ ಬಿಸಿಲಾಗ ನೋಡಬೇಕು" ಎಂದು ಇಬ್ಬರನ್ನೂ ಹೊಸ್ತಿಲಿಗೆ ಕರೆದೊಯ್ದಳು. ನಾನು ಬರಿಮೈಯಲ್ಲಿ ಗಾಜಿನೊಳಗಿಂದ ನೋಡುತ್ತಿದ್ದೆ. ಅವಳು ಒಂದು ಕ್ಷಣ ಶೆಟ್ಟರ ಕಡೆ ತಿರುಗಿದಳು. ಆಮೇಲೆ ಎಡತೋಳಿನ ಗುಂಡಿ ಬಿಚ್ಚಿ ಮೊಣಕೈ ತನಕ ಮಡಿಸಿದಳು.

ಹೋಯಿತು ಇವಳ ಕೆಲಸ ಅಂದುಕೊಂಡೆ.

"ದೇವರು ನನಗ ಎರಡೂ ಬಣ್ಣ ಕೊಟ್ಟಾನ್ರಿ" ಅಂದಳು ಕಸ್ತೂರಿ, ಹಳದಿ ಸೆರಗನ್ನು ಎಡತೋಳಿನ ಮೇಲೂ ಬಲಗೈ ಮೇಲೂ ಹಾಸುತ್ತ. "ಬಿಳುಪಿನ ಮ್ಯಾಲ ನೋಡ್ರಿ, ಕಾಮಾಲಿ ಆದಂಗ ಕಾಣತೈತಿ. ಈಗ ಕರಿ ಮ್ಯಾಲ ನೋಡ್ರಿ, ಹೆಂಗ ಏಳತೈತಿ ಬಣ್ಣ! ಈ ಗುಲಾಬಿ ಆ ಬೊಂಬಿಗೆ ಚಂದ. ತಂಗಿಗೆ ಉಡಿಸಿದ್ರ ಬೂದಿ ಬಡದಂಗ ಆಕ್ಕೈತಿ."

ಅವಳು ಹೇಳಿದ್ದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಆದರೆ ಅತ್ತೆ ನೋಡಿದ್ದು ಸೀರೆಯನ್ನಲ್ಲ. "ಸಾವ್ಕಾರ್ರ, ತೊನ್ನಿನ ಕೈಲೆ ಮದಿವಿ ಸೀರಿ ಮುಟ್ಟಸ್ತೀರೇನ್ರಿ?" ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಶೆಟ್ಟರು ಗಾದಿಯಿಂದ ಎದ್ದರು.

ಕಸ್ತೂರಿ ತೋಳು ಇಳಿಸಲಿಲ್ಲ. "ಇದು ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ ಅಲ್ರಿ ಅಕ್ಕಾರ. ಬಣ್ಣ ಅಷ್ಟ ಹೋಗೇತಿ" ಅಂದಳು.

ದಾಕ್ಷಾಯಿಣಿ ಮುಂದೆ ಬಂದು ತನ್ನ ತೋಳನ್ನು ಕಸ್ತೂರಿಯ ತೋಳಿಗೆ ತಾಗಿಸಿ ಹಿಡಿದಳು. ಹಳದಿ ಸೆರಗನ್ನು ಎರಡರ ಮೇಲೂ ಎಳೆದುಕೊಂಡು ಬಹಳ ಹೊತ್ತು ನೋಡಿದಳು. ಹುಡುಗಿಯೊಬ್ಬಳು ತನ್ನ ಮೈಬಣ್ಣವನ್ನು ಹಾಗೆ ಪ್ರೀತಿಯಿಂದ ನೋಡಿಕೊಂಡಿದ್ದನ್ನು ನಾನು ಆ ಅಂಗಡಿಯಲ್ಲಿ ಕಂಡಿದ್ದು ಅದೇ ಮೊದಲು. "ಅತ್ತಿ, ನನಗ ಇದ ಬೇಕು. ಇವರ ಕೈಯಿಂದನ ಬೇಕು" ಅಂದಳು.

ಶೆಟ್ಟರು ಒಮ್ಮೆ ಅತ್ತೆಯನ್ನು, ಒಮ್ಮೆ ಹುಡುಗಿಯನ್ನು ನೋಡಿದರು. ಕೊನೆಗೆ, "ಮಡಚಿ ಕೊಡವಾ ಕಸ್ತೂರಿ" ಅಂದರು. ಸಂಜೆ ಬಾಗಿಲು ಹಾಕುವಾಗ ಅವಳ ಮುಖ ನೋಡದೆ ಹೇಳಿದರು: "ನಾಳಿಂದ ಗಾದಿ ಮ್ಯಾಲ ಕುಂದ್ರು. ತೋಳಿಂದು ನಿನಗ ಬಿಟ್ಟಿದ್ದು."

ಎಲ್ಲ ಹೂವಿನ ಹಾಸಿಗೆಯಾಯಿತೆಂದು ಹೇಳಲಾರೆ. ಅವಳನ್ನು ಕಂಡು ಮೆಟ್ಟಿಲಿಳಿದು ಹೋದವರಿದ್ದರು. ಆದರೆ "ಎರಡು ಬಣ್ಣದ ಕೈ ಅಕ್ಕಾರು ಅದಾರೇನ್ರಿ?" ಎಂದು ಹಳ್ಳಿಗಳಿಂದ ಹುಡುಕಿಕೊಂಡು ಬರುವವರು ಹೆಚ್ಚಾದರು. ಸೀರೆ ಬದಲಿಸಲು ಬರುವವರು ಕಡಿಮೆಯಾದರು. ನನ್ನ ಕಡೆ ನೋಡುವವರೂ ಕಡಿಮೆಯಾದರು, ಮೊದಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ನಾನೂ ಎಲ್ಲರಂತೆ ಅವಳ ಕೈಯನ್ನೇ ನೋಡತೊಡಗಿದೆ. ಒಂದೇ ಸಂಗತಿ ನನ್ನನ್ನು ಕಾಡುತ್ತಿತ್ತು. ಅಂಗಡಿಯಲ್ಲಿ ತೋಳು ಮಡಿಸಿಕೊಂಡಿರುವ ಕಸ್ತೂರಿ, ಮನೆಗೆ ಹೊರಡುವಾಗ ಅದನ್ನು ಇಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದಳು. ಗಾದಿಯ ಮೇಲೆ ಅದು ಕಸುಬಿನ ಕೈ, ಬೀದಿಯಲ್ಲಿ ಮತ್ತೆ ತೊನ್ನಿನ ಕೈ.

ವರ್ಷಗಳು ಕಳೆದವು. ನನ್ನ ಮೂಗಿನ ತುದಿ ಹಾರಿತು, ಕೆನ್ನೆಯ ಬಣ್ಣ ಚಕ್ಕೆಯೆದ್ದಿತು. ಶೆಟ್ಟರ ಮಗ ಶೋಕೇಸಿಗೆ ತಲೆಯೇ ಇಲ್ಲದ ಬೊಂಬೆಗಳನ್ನು ತಂದ. ಈಗ ಅದೇ ಫ್ಯಾಶನ್ನಂತೆ. ನಾನು ಅಟ್ಟದ ಕೋಣೆಯಲ್ಲಿ ಕಿಟಕಿ ಪಕ್ಕದ ಮೂಲೆ ಸೇರಿದೆ. ಬೇಸರವಿಲ್ಲ. ಚೆಲುವೆ ಎಂದು ಮೆರೆದ ಕಾಲದಲ್ಲಿ ನಾನು ಯಾರಿಗೂ ಒಳ್ಳೆಯದೇನನ್ನೂ ಮಾಡಲಿಲ್ಲ, ಮೂಲೆಯಲ್ಲಿ ನಿಂತರೆ ಯಾರ ಮನಸ್ಸನ್ನೂ ನೋಯಿಸುವುದಿಲ್ಲ.

ಮೊನ್ನೆ ಮಲ್ಲೇಶಪ್ಪನ ಮಗಳ ಮದುವೆ. ಅಂಗಡಿಯವರೆಲ್ಲ ಹೊರಟಿದ್ದರು. ಕಸ್ತೂರಿ ಹೊಸ ಸೀರೆ ಹಿಡಿದು ಅಟ್ಟಕ್ಕೆ ಬಂದಳು. ನವಿಲುಬಣ್ಣದ್ದು, ತನಗಾಗಿ ಕೊಂಡದ್ದು. ಜೊತೆಗೆ ಗಿಡ್ಡ ತೋಳಿನ ಕುಪ್ಪಸ. ಹಳೆಯ ಅಭ್ಯಾಸದಂತೆ ಸೆರಗನ್ನು ಮೊದಲು ನನ್ನ ಹೆಗಲಿಗೆ ಹಾಕಿ, ದೂರ ಸರಿದು ನೋಡಿದಳು. ತಲೆಯಾಡಿಸಿದಳು.

"ನಿನಗ ಒಪ್ಪಂಗಿಲ್ಲ ಬಿಡವಾ" ಅಂದಳು. "ನನಗ ಒಪ್ಪತೈತಿ."

ಸೀರೆಯನ್ನು ನನ್ನ ಹೆಗಲಿಂದ ತೆಗೆದು ಉಟ್ಟುಕೊಂಡಳು. ಕಿಟಕಿಯಿಂದ ನೋಡಿದೆ. ತೋಳು ಮುಚ್ಚಿಕೊಳ್ಳದೆ, ಪೇಟೆಯ ನಡುಬೀದಿಯಲ್ಲಿ, ಬಿಸಿಲಲ್ಲಿ ಹೋಗುತ್ತಿದ್ದಳು.