ಬಲಗೈ ಮೇಲಾದ ವಂದನೆ

ಆ ಬೆಳಿಗ್ಗೆ ಮಂಜು ದಟ್ಟವಾಗಿ ಇಳಿದಿತ್ತು. ಎದುರು ಸಾಲಿನ ಅಂಗಡಿಗಳ ಮಾತಿರಲಿ, ತನ್ನದೇ ಹೊಲಿಗೆ ಅಂಗಡಿಯ ಬೋರ್ಡು ಕೂಡ ದರ್ಜಿಯಮ್ಮನಿಗೆ ಕಾಣುತ್ತಿರಲಿಲ್ಲ. ಕೈಯಲ್ಲೇ ತಡವಿ ಬೀಗ ತೆಗೆಯುತ್ತಿರುವಾಗ ಪಕ್ಕದ ಹಳೆ ಪುಸ್ತಕದಂಗಡಿಯಿಂದ ಕೆಮ್ಮು ಕೇಳಿಸಿತು. ಆ ಅಂಗಡಿಯವನನ್ನು ಬೀದಿಯೆಲ್ಲ ಗೆದ್ದಲು ಎಂದು ಕರೆಯುತ್ತಿತ್ತು. ಅವನಾದರೂ ಆ ಹೆಸರನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದ.

"ತಂಗೀ, ಬಾ ಇಲ್ಲಿ. ನಿಮ್ಮಪ್ಪ ಸಿಕ್ಕಿದ್ದಾರೆ."

"ಅಪ್ಪ ಮನೇಲಿ ಮಲಗಿದ್ದಾರಣ್ಣ. ಬೆಳಬೆಳಿಗ್ಗೆ ಏನು ತಮಾಷೆ?"

"ಮಲಗಿರೋ ಅಪ್ಪ ಅಲ್ಲ ತಾಯಿ, ಒದೆಯೋ ಅಪ್ಪ!"

ನಿನ್ನೆ ರದ್ದಿಯ ಜೊತೆ ಬಂದಿತ್ತಂತೆ. ಅವನು ಮೇಜಿನ ಮೇಲಿಟ್ಟದ್ದು 'ಮೌನಮುಷ್ಟಿ' ಎಂಬ ಹಳೆಯ ಚಿತ್ರಕಥೆಯ ಸಂಚಿಕೆ. ಅಂಚು ಹಳದಿ ತಿರುಗಿತ್ತು, ಪಿನ್ನು ತುಕ್ಕು ಹಿಡಿದಿತ್ತು. ಮುಖಪುಟದಲ್ಲಿ ಉದ್ದ ಕೋಟಿನ ಗೂಢಚಾರ ಹಗ್ಗದ ಸೇತುವೆಯ ಮೇಲೆ ಗಾಳಿಗೆ ನೆಗೆದು, ಒಂದೇ ಒದೆತಕ್ಕೆ ಇಬ್ಬರ ಕೈಯ ಬಂದೂಕು ಕೆಡವುತ್ತಿದ್ದ. ಮುಖ ಯಾರದೋ. ಆ ಹೆಗಲು, ಆ ಸೊಂಟದ ತಿರುವು ಮಾತ್ರ ಅಪ್ಪನವೇ.

ಈ ಪುಸ್ತಕದ ಹೆಸರನ್ನು ಅವರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಪ್ಪ ಹರೆಯದಲ್ಲಿ ಗರಡಿಯಲ್ಲಿ ಪಳಗಿದ ಕೈ. ಚಿತ್ರಗಾರ ಗೆಳೆಯನೊಬ್ಬ ಬಂದು, "ನನ್ನ ಗೂಢಚಾರನ ಕೈಗೆ ಬಂದೂಕು ಕೊಡಲ್ಲ, ನಿನ್ನ ವಿದ್ಯೆ ಕೊಡ್ತೀನಿ" ಎಂದಾಗ ಅಪ್ಪ ಅವನ ಮುಂದೆ ಒಂದೊಂದೇ ಪಟ್ಟು ಹಾಕಿ ನಿಂತಿದ್ದರು. ಕಥೆಯ ಕೊನೆಯ ಪುಟದಲ್ಲಿ ಗೂಢಚಾರ ಗೆದ್ದು ಬಂದು ತನ್ನ ಗುರುವಿಗೆ ವಂದಿಸುತ್ತಾನೆ. ಆ ಚಿತ್ರಕ್ಕೂ ನಿಂತದ್ದು ಅಪ್ಪನೇ. ಕೆಟ್ಟದ್ದು ಅಲ್ಲೇ.

ಬಲಗೈ ಮುಷ್ಟಿಯ ಮೇಲೆ ಎಡ ಅಂಗೈ ಮುಚ್ಚಿದರೆ ಅದು ಬದುಕಿದ್ದವರಿಗೆ ಮಾಡುವ ವಂದನೆ. ಎಡ ಮುಷ್ಟಿಯ ಮೇಲೆ ಬಲ ಅಂಗೈ ಬಂದರೆ ಹೆಣದ ಮುಂದೆ ಮಾಡುವಂಥದ್ದು. ಆ ಗರಡಿಗೆ ಕಾಲಿಟ್ಟ ದಿನವೇ ಕಲಿಸುವ ಪಾಠ ಇದು. ಪುಸ್ತಕದಲ್ಲಿ ಬಲಗೈ ಮೇಲಿತ್ತು. ಆಗ ಗರಡಿಯ ಗುರುಗಳು ಹಾಸಿಗೆ ಹಿಡಿದಿದ್ದರು. ಸಂಚಿಕೆ ಅಂಗಡಿಗೆ ಬಂದು ವಾರ ಕಳೆಯುವುದರೊಳಗೆ ತೀರಿಕೊಂಡರು. ಮೇಲಿನವನ ಲೆಕ್ಕ ನಮಗೆಲ್ಲಿ ತಿಳಿಯುತ್ತದೆ? ಆದರೆ ಮನುಷ್ಯನಿಗೆ ದುಃಖ ಬಂದಾಗ ಬೆರಳು ತೋರಿಸಲು ಯಾರಾದರೊಬ್ಬರು ಬೇಕು. "ಉಸಿರಾಡ್ತಿದ್ದ ಗುರುಗೆ ಹೆಣದ ವಂದನೆ ಮಾಡಿದೆಯಲ್ಲೋ!" ಎಂದು ಹಿರಿಯ ಶಿಷ್ಯರೊಬ್ಬರು ಗುರುಗಳ ಮನೆ ಬಾಗಿಲಲ್ಲೇ ಅಪ್ಪನ ಮೇಲೆ ಕೂಗಿದ್ದರು. ಅಪ್ಪ ಮಾತಾಡದೆ ಅವರಿಗೆ ವಂದಿಸಿದರು. ಬಂದ ವಂದನೆಯನ್ನು ಹಿಂದಿರುಗಿಸದೆ ಉಳಿಸಿಕೊಳ್ಳಬಾರದು ಎಂಬುದೂ ಗರಡಿಯ ನಿಯಮವೇ. ಹಿರಿಯರು ಬೆನ್ನು ತಿರುಗಿಸಿ ಒಳಗೆ ಹೋದರು. ಅಪ್ಪ ಮತ್ತೆ ಗರಡಿಯ ಹೊಸ್ತಿಲು ತುಳಿಯಲಿಲ್ಲ, ಆ ಪುಸ್ತಕವನ್ನೂ ಬಿಚ್ಚಲಿಲ್ಲ. ಚಿತ್ರಗಾರ ಊರು ಬಿಟ್ಟವನು ಕೆಲವು ವರ್ಷಕ್ಕೆ ಲೋಕವನ್ನೂ ಬಿಟ್ಟ. ಕೇಳೋಣವೆಂದರೆ ಯಾರೂ ಉಳಿಯಲಿಲ್ಲ.

ಈಗ ಅಪ್ಪನ ಸರದಿ ಹತ್ತಿರ ಬಂದಿತ್ತು. ಹಾಸಿಗೆಯಲ್ಲಿ ಮಲಗಿದ್ದಲ್ಲೇ ಒಂದು ಕೈಯ ಮೇಲೆ ಇನ್ನೊಂದು ಇಡುವರು, ತೆಗೆಯುವರು, ಅದಲುಬದಲು ಮಾಡುವರು. "ಅವತ್ತು ನಿಂತು ನಿಂತು ಕೈ ಸೋತಿತ್ತು ಮಗಳೇ. ಯಾವುದು ಮೇಲಿತ್ತೋ?" ಎಂದು ಕೇಳುವರು. ಈ ಅನುಮಾನ ಹೊತ್ತುಕೊಂಡೇ ಅಪ್ಪ ಹೋಗಿಬಿಟ್ಟರೆ ಎಂಬ ಚಿಂತೆ ಅವಳನ್ನು ತಿನ್ನುತ್ತಿತ್ತು.

ಪುಸ್ತಕವನ್ನು ತನ್ನ ಅಂಗಡಿಗೆ ಒಯ್ದು ದೀಪ ಹಾಕಿ ಕೊನೆಯ ಪುಟ ತೆರೆದಳು. ಬಲಗೈಯೇ ಮೇಲಿತ್ತು. ಕಣ್ಣು ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದಳು. ಏನೋ ಸರಿಯಿಲ್ಲ. ಕೈಯಲ್ಲಲ್ಲ, ಕೋಟಿನಲ್ಲಿ. ಗಂಡಸರ ಕೋಟಿನಲ್ಲಿ ಎಡ ಮಗ್ಗುಲು ಮೇಲೆ ಬರಬೇಕು, ಎದೆಯ ಜೇಬು ಎಡಕ್ಕಿರಬೇಕು. ಹಿಂದಿನ ಪುಟಗಳಲ್ಲೆಲ್ಲ ಹಾಗೇ ಇತ್ತು. ಈ ಪುಟದಲ್ಲಿ ಮಾತ್ರ ಬಲ ಮಗ್ಗುಲು ಮೇಲೆ, ಜೇಬು ಬಲಕ್ಕೆ. ಅದೇ ಕೋಟು, ಅದೇ ಮನುಷ್ಯ. ನಡುವೆ ಬಟ್ಟೆ ಬದಲಿಸಿದ್ದೂ ಇಲ್ಲ.

ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ನಿಲುವುಗನ್ನಡಿಗೆ ಪುಟವನ್ನು ಹಿಡಿದಳು. ಕನ್ನಡಿಯೊಳಗೆ ಕೋಟು ಸರಿಯಾಯಿತು, ಜೇಬು ಎಡಕ್ಕೆ ಬಂತು. ಬಲ ಮುಷ್ಟಿಯ ಮೇಲೆ ಎಡ ಅಂಗೈ ಇಟ್ಟು ಅಪ್ಪ ತಲೆಬಾಗಿ ನಿಂತಿದ್ದರು.

"ಅಣ್ಣಾ!" ಎಂದು ಅವಳು ಕೂಗಿದ್ದಕ್ಕೆ ಗೆದ್ದಲು ಕೆಮ್ಮುತ್ತಲೇ ಓಡಿಬಂದ. ಹರೆಯದಲ್ಲಿ ಅವನು ಮುದ್ರಣಾಲಯದಲ್ಲಿ ಹಾಳೆ ಮಡಚುತ್ತಿದ್ದವನು. ಕನ್ನಡಿ ನೋಡಿದ, ಪುಟ ನೋಡಿದ, ತಲೆ ಕೆರೆದುಕೊಂಡ.

"ಆಗ ಅಚ್ಚು ಹಾಕೋಕೆ ಚಿತ್ರದ ಫಿಲಂ ಬೇರೆ, ಮಾತಿನ ಫಿಲಂ ಬೇರೆ ಇರ್ತಿತ್ತು ತಂಗಿ. ಯಾರೋ ಅವಸರದಲ್ಲಿ ಚಿತ್ರದ್ದನ್ನ ಮಗುಚಿ ಅಂಟಿಸಿದ್ದಾರೆ. ಅಕ್ಷರ ನೆಟ್ಟಗಿತ್ತಲ್ಲ, ಯಾರ ಕಣ್ಣಿಗೂ ಬಿದ್ದಿಲ್ಲ."

"ಸ್ವಲ್ಪ ಹೊತ್ತು ತಗೊಂಡು ಹೋಗ್ಲಾ?"

"ಇಟ್ಕೋ. ಅಪ್ಪನ್ನ ಬಾಡಿಗೆಗೆ ಕೊಡೋಕಾಗುತ್ತಾ?"

ಮಂಜು ಕರಗುವ ಹೊತ್ತಿಗೆ ಅವಳು ಗರಡಿಯ ಬಾಗಿಲಲ್ಲಿದ್ದಳು. ಆ ಹಿರಿಯ ಶಿಷ್ಯರೇ ಈಗ ಅಲ್ಲಿಯ ಗುರು. ಒಬ್ಬರೇ ಕೂತು ಕೋಲಿಗೆ ಎಣ್ಣೆ ಉಜ್ಜುತ್ತಿದ್ದರು. ಚಿಕ್ಕವಳಿದ್ದಾಗ ಅವರ ಹೆಗಲೇರಿ ಆಡಿದವಳು ಅವಳು.

"ನಿಮ್ಮಪ್ಪ ಕಳಿಸಿದ್ನಾ?"

"ಇಲ್ಲ ದೊಡ್ಡಪ್ಪ. ಅವರಿಗೆ ಗೊತ್ತೇ ಇಲ್ಲ." ಪುಸ್ತಕ ತೆರೆದು ಮುಂದಿಟ್ಟಳು.

ಅವರ ಮುಖ ಗಂಟಿಕ್ಕಿತು. "ಅದು ನನ್ನ ಕಣ್ಣಿಗೆ ಬೇಡ."

"ಕೈ ನೋಡ್ಬೇಡಿ. ಕೋಟು ನೋಡಿ."

"ಕೋಟು ನೋಡೋಕೆ ನಾನೇನು ಬಟ್ಟೆ ಅಂಗಡಿ ಇಟ್ಟಿದ್ದೀನಾ?"

"ನಾನು ಇಟ್ಟಿದ್ದೀನಲ್ಲ, ನಾನು ಹೇಳ್ತೀನಿ ಕೇಳಿ."

ಅವಳು ಕೋಟಿನ ಮಗ್ಗುಲು ತೋರಿಸಿದಳು, ಜೇಬು ತೋರಿಸಿದಳು, ಫಿಲಂ ಮಗುಚಿದ ಕಥೆ ಹೇಳಿದಳು. ಕೊನೆಗೆ ಅವರು ಪುಸ್ತಕ ತೆಗೆದುಕೊಂಡು, ಶಿಷ್ಯರು ನಿಲುವು ತಿದ್ದಿಕೊಳ್ಳುವ ದೊಡ್ಡ ಕನ್ನಡಿಯ ಮುಂದೆ ಹೋಗಿ ನಿಂತರು. ಬೆನ್ನು ಅವಳ ಕಡೆಗಿತ್ತು.

"ಅವನು ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ ದೊಡ್ಡಪ್ಪ. ಬೈದ್ರಿ. ನೀವು ಬೈದ ಮೇಲೆ ಅವರಿಗೆ ತಮ್ಮ ಕೈ ಮೇಲೇ ನಂಬಿಕೆ ಹೋಯ್ತು. ಯಾವುದು ಮೇಲಿತ್ತು ಅಂತ ಇವತ್ತಿಗೂ ಕೇಳ್ತಾರೆ."

ಅವರು ನಿಧಾನವಾಗಿ ಕುಸಿದು ಕೂತರು. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ನನಗೆ ಬೇಕಾಯ್ತು ನೋಡು. ಒಂದೇ ತಟ್ಟೇಲಿ ಉಂಡವನು ಅವನು. ಗುರುಗಳ ಕಾಲು ಒತ್ತಿ, ಅವರು ನಿದ್ದೆ ಹೋದ ಮೇಲೇ ಏಳ್ತಿದ್ದವನು. ಅಂಥವನನ್ನ ಬಿಟ್ಟು ಕಾಗದ ನಂಬಿದೆ. ಈ ಕೋಟು ನೆಟ್ಟಗೇ ಇದ್ದಿದ್ರೂ ನಾನು ಅವನನ್ನ ನಂಬಬೇಕಿತ್ತು."

ಅವರು ಹೇಳಿದ್ದು ನಿಜವಾಗಿತ್ತು.

"ನಡಿ," ಎಂದು ಅವರೇ ಎದ್ದರು.

ಮನೆಯಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಚಪ್ಪಲಿ ಬಿಡುವ ಸದ್ದಿಗೆ ತಿರುಗಿದರು. ಬಂದವರ ಗುರುತು ಹತ್ತಿದ್ದೇ ತಡ, ಮೊಣಕೈ ಊರಿ ಏಳಲು ಹೊರಟರು.

"ಏಳಬೇಡ ಕಣೋ," ಎಂದರು ಹಿರಿಯರು. "ನಿನ್ನ ಎಡಗೈನೇ ಮೇಲಿತ್ತು. ಅಚ್ಚು ಹಾಕೋರು ಮಗುಚಿದ್ರು. ನೀನು ತಪ್ಪಿರಲಿಲ್ಲ."

ಅಪ್ಪ ಮಗಳ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಹೊದಿಕೆಯ ಮೇಲೆ ಬಿದ್ದಿದ್ದ ತಮ್ಮ ಎರಡು ಕೈಗಳನ್ನು ಅವರು ಬಹಳ ಹೊತ್ತು ನೋಡಿದರು. ಊರು ಬಿಟ್ಟು ಹೋದ ಮಕ್ಕಳು ಮನೆಗೆ ಬಂದಾಗ ನೋಡುವ ಹಾಗೆ ನೋಡಿದರು.

ಹಿರಿಯರು ಮಂಚದ ಕಾಲ್ದೆಸೆಗೆ ಬಂದು ಬೆನ್ನು ನೆಟ್ಟಗೆ ಮಾಡಿ ನಿಂತರು. ಬಲ ಮುಷ್ಟಿಯ ಮೇಲೆ ಎಡ ಅಂಗೈ ಮುಚ್ಚಿದರು. ನೆರೆತ ತಲೆ ಎದೆಗೆ ಮುಟ್ಟುವಷ್ಟು ಬಾಗಿದರು.

"ಇದು, ಗುರುಗಳ ಬಾಗಿಲಲ್ಲಿ ನೀನು ಮಾಡಿದ ವಂದನೆಗೆ," ಎಂದರು ಮೆಲ್ಲಗೆ.