ಸೂಜಿ ‘ಬಾ’ ಅಂದದ್ದು ಯಾಕೆ?

ಕನ್ನಡಕದಂಗಡಿಯ ಕುರ್ಚಿಯಲ್ಲಿ ಕೂತವರಿಗೆ ಒಂಥರಾ ಧೈರ್ಯ ಬಂದುಬಿಡುತ್ತದೆ. ಮೂಗಿನ ಮೇಲೆ ಪರೀಕ್ಷೆಯ ಭಾರವಾದ ಫ್ರೇಮು, ಒಂದು ಕಣ್ಣಿಗೆ ಕಪ್ಪು ಮುಚ್ಚಳ. ಎದುರಿಗಿರುವವರ ಮುಖ ನೆಟ್ಟಗೆ ಕಾಣುವುದಿಲ್ಲವಾದ್ದರಿಂದ ಮನಸ್ಸಿನಲ್ಲಿದ್ದದ್ದೆಲ್ಲ ಸಲೀಸಾಗಿ ಬಾಯಿಗೆ ಬರುತ್ತದೆ. ಇಷ್ಟು ವರ್ಷ ಅಂಗಡಿಯವಳು ಅದನ್ನು ಕೇಳಿ ಒಳಗೊಳಗೇ ನಗುತ್ತಿದ್ದಳು. ಈಚೆಗೆ ನಗು ಬರುತ್ತಿರಲಿಲ್ಲ. ಜನ ಜಾಲಾಡುತ್ತಿದ್ದದ್ದು ಅವಳನ್ನೇ, ಪಾಪ, ಅವರಿಗೆ ಅದು ಗೊತ್ತಿರಲಿಲ್ಲ.

ಸೂಜಿ ಎಂಬ ಗೂಢಚಾರನ ಕಾದಂಬರಿಗಳು ಊರಿನ ಅರ್ಧ ಜನಕ್ಕೆ ಬಾಯಿಪಾಠ. ಹದಿನೆಂಟು ಪುಸ್ತಕ ಬರೆದು ಲೇಖಕರು ತೀರಿಕೊಂಡಾಗ, ಮುಂದುವರಿಸುವವರು ಯಾರಾದರೂ ಸಿಕ್ಕಾರೇ ಎಂದು ಪ್ರಕಾಶಕರು ಹುಡುಕಾಡಿದರು. ಹೇಗೋ ಏನೋ, ಆ ಯಾರೋ ಇವಳಾದಳು. ಮುಖಪುಟದ ಮೇಲೆ ಇವಳ ಹೆಸರಿರಲಿಲ್ಲ, ಎರಡೇ ಅಕ್ಷರದ ಗುಪ್ತನಾಮ. “ಕನ್ನಡಕ ಮಾರೋರು ಬರೆದಿದ್ದು ಅಂತ ಗೊತ್ತಾದ್ರೆ ಮುಟ್ಟಿ ಕೂಡ ನೋಡಲ್ಲಮ್ಮ” ಎಂದಿದ್ದರು ಪ್ರಕಾಶಕರು. ಎರಡನೆಯ ಪುಸ್ತಕ ಅವಳ ತಲೆಯಲ್ಲಿ ಆಗಲೇ ಓಡಾಡುತ್ತಿತ್ತು. ಆದರೆ ಒಪ್ಪಿಗೆ ಕೊಡಬೇಕಾದವರು ದಿವಂಗತ ಲೇಖಕರ ಹೆಂಡತಿ, ಅವರಿನ್ನೂ ಮೊದಲನೆಯದನ್ನೇ ಓದಿರಲಿಲ್ಲ. ಅವರು ಓದಿ ಬೇಡವೆಂದರೆ ಸೂಜಿಯ ಕಥೆ ಅಲ್ಲಿಗೆ ಮುಗಿಯಿತು, ಇವಳ ಕಥೆಯೂ ಮುಗಿಯಿತು.

ಚಾಳೀಸಿನ ಪವರ್ ನೋಡಬೇಕಾದಾಗ “ನೀವು ಓದ್ತಿರೋ ಪುಸ್ತಕಾನೇ ತನ್ನಿ” ಎನ್ನುವುದು ಅವಳ ಹಳೆಯ ಅಭ್ಯಾಸ. ಈಗ ಅದು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಂತಾಗಿತ್ತು. ಬಂದವರೆಲ್ಲ ತರುತ್ತಿದ್ದದ್ದು ಅದೇ ಪುಸ್ತಕ.

ನಿವೃತ್ತ ಮೇಷ್ಟ್ರಿಗೆ ಲೆನ್ಸ್ ಬದಲಿಸುತ್ತಾ ಕೇಳಿದಳು: “ಮೊದಲನೇದು ಚೆನ್ನಾಗಿದೆಯಾ ಸಾರ್, ಎರಡನೇದಾ?”

“ಮೊದಲನೇದೇ. ಅವರೆಲ್ಲಿ, ಈ ಹೊಸಬನೆಲ್ಲಿ!”

“ನಾನು ಲೆನ್ಸ್ ವಿಷಯ ಕೇಳಿದ್ದು ಸಾರ್.”

“ಓ, ಲೆನ್ಸಾ? ಅದು ಎರಡನೇದು.” ಮೇಷ್ಟ್ರು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರು. “ಇಲ್ಲಿ ನೋಡಿ. ಸೂಜಿ ತನ್ನ ಮುಖ್ಯಸ್ಥೆಗೆ ಏನಂತಾನೆ? ‘ಬಾ, ಕೂತ್ಕೋ.’ ಬಾ ಅಂತೆ! ಸೂಜಿ ಹದಿನೆಂಟು ಪುಸ್ತಕದಲ್ಲಿ ಯಾರಿಗಾದ್ರೂ ಏಕವಚನ ಬಳಸಿದ್ದುಂಟಾ? ಕುತ್ತಿಗೆಗೆ ಚಾಕು ಹಿಡಿದೋನಿಗೂ ‘ಸ್ವಲ್ಪ ಸರೀತೀರಾ’ ಅಂದೋನು. ಬೀದಿನಾಯಿಗೂ ‘ನಡೀರಿ ನಡೀರಿ’ ಅಂದೋನು! ಬರೆದೋನಿಗೆ ಅಷ್ಟೂ ಗೊತ್ತಿಲ್ಲ.”

ಮೇಷ್ಟ್ರು ಹೊರಟ ಮೇಲೆ ಗಲ್ಲಾದ ಕೆಳಗಿದ್ದ ತನ್ನ ಪ್ರತಿ ತೆಗೆದು ನೋಡಿದಳು. ಹೌದು, ಇತ್ತು. ಶತ್ರುಗಳಿಂದ ತಪ್ಪಿಸಿಕೊಂಡು ಸುಸ್ತಾಗಿ ದೋಣಿಕಟ್ಟೆಗೆ ಬಂದ ಸೂಜಿ, ಒದ್ದೆ ಮೆಟ್ಟಿಲನ್ನು ತೋಳಿನಿಂದ ಒರೆಸಿ, ತನ್ನಷ್ಟೇ ದಣಿದು ಹಿಂದೆ ಬಂದ ಮುಖ್ಯಸ್ಥೆಗೆ ಹೇಳುತ್ತಾನೆ: ಬಾ, ಕೂತ್ಕೋ. ಬೇಕೆಂದು ಬರೆದದ್ದಲ್ಲ. ಕೈ ತಪ್ಪಿ ಬಂದದ್ದು. ಸೂಜಿಯ ಅಂಗಿಯ ಅಳತೆ, ಅವನಿಗೆ ಯಾವ ಹಲ್ಲು ನೋಯುತ್ತದೆ ಎಂಬುದೆಲ್ಲ ಗೊತ್ತಿದ್ದವಳ ಕಣ್ಣಿಗೆ ಇದು ಬೀಳಲಿಲ್ಲವಲ್ಲ! ಊರಿಗೆಲ್ಲ ಕಣ್ಣು ಸರಿಮಾಡುವವಳು ತಾನು ಎಂದು ನಾಚಿಕೆಯಾಯಿತು.

ಮರುದಿನ ಆಸ್ಪತ್ರೆಯ ನರ್ಸ್ ಬಂದು ಕುರ್ಚಿಯಲ್ಲಿ ಕೂತದ್ದೇ ತಡ, ಅದೇ ಪುಟ ತೆಗೆದಳು. “ಮೇಷ್ಟ್ರು ತಪ್ಪು ಅಂತ ಸಾರ್ತಾ ಇದಾರೆ. ತಪ್ಪಲ್ಲ ಅಕ್ಕಾ, ಸುಳಿವು! ಆ ಮುಖ್ಯಸ್ಥೆ ಅಸಲಿ ಅಲ್ಲ. ಅವಳ ವೇಷ ಹಾಕ್ಕೊಂಡು ಇನ್ಯಾರೋ ಬಂದಿದಾರೆ. ಸೂಜಿಗೆ ಗೊತ್ತಾಗಿದೆ, ಅದಕ್ಕೇ ಮರ್ಯಾದೆ ಕಟ್.”

ಕಟಿಂಗ್ ಶಾಪಿನವನದು ಬೇರೆಯೇ ವಾದ. “ವೇಷಾನೂ ಇಲ್ಲ, ಗೀಷಾನೂ ಇಲ್ಲ. ಇಬ್ರಿಗೂ ಗುಟ್ಟಾಗಿ ಮದುವೆ ಆಗಿದೆ. ನಮ್ಮ ಅಂಗಡೀಲಿ ಎಲ್ಲರದ್ದೂ ಇದೇ ಅಭಿಪ್ರಾಯ. ಮುಂದಿನ ಪುಸ್ತಕದಲ್ಲಿ ಬಯಲಾಗುತ್ತೆ, ನೋಡ್ತಿರಿ.”

ಅವರು ಹೋದ ಮೇಲೂ ಅವಳು ಅದನ್ನೇ ಯೋಚಿಸುತ್ತಾ ಲೆನ್ಸ್ ಒರೆಸಿದ್ದನ್ನೇ ಒರೆಸಿದಳು. ನಾಚಿಕೆ ಸರಿದು ಅದರ ಜಾಗದಲ್ಲಿ ಕುತೂಹಲ ಬಂದು ಕೂತಿತ್ತು. ಹೌದಲ್ಲ, ಯಾಕೆ ಅಂದ? ಬರೆದವಳು ತಾನೇ, ಆದರೆ ಉತ್ತರ ಮಾತ್ರ ಗೊತ್ತಿರಲಿಲ್ಲ.

ಆ ವಾರದ ಕೊನೆಗೆ ವಯಸ್ಸಾದ ಹೆಂಗಸೊಬ್ಬರು ಬಂದರು. ನೆಟ್ಟನೆಯ ಬೆನ್ನು, ಕಂಕುಳಲ್ಲಿ ಪುಸ್ತಕ.

“ಅಕ್ಷರ ಎಲ್ಲಾ ಮಸುಕು. ಈ ಸೂಜಿ ಕಥೆಗಳನ್ನ ಬರೀತಿದ್ದೋರು ನಮ್ಮ ಯಜಮಾನರು. ಈಗ ಇನ್ಯಾರೋ ಮುಂದುವರಿಸಿದಾರಂತೆ. ಪ್ರಕಾಶಕರು ಓದಿ ಹೇಳಿ, ಓದಿ ಹೇಳಿ ಅಂತ ಜೀವ ತಿಂತಿದಾರೆ. ಸ್ವಲ್ಪ ನೋಡ್ತೀರಾ?”

ಅಂಗಡಿಯವಳು ಕೈಯಲ್ಲಿದ್ದ ಲೆನ್ಸ್ ಕೆಳಗಿಟ್ಟು ಕುರ್ಚಿ ಸರಿಸಿದಳು. “ಕೂತ್ಕೊಳ್ಳಿ ಅಮ್ಮಾ” ಎಂದಳು. ಒಂದೊಂದೇ ಲೆನ್ಸ್ ಹಾಕಿ ತೆಗೆದಳು. ಅಕ್ಷರ ನಿಚ್ಚಳವಾದಾಗ ಆಕೆ ಬೇರೆ ಎಲ್ಲೂ ತೆರೆಯಲಿಲ್ಲ, ಮೂಲೆ ಮಡಚಿಟ್ಟಿದ್ದ ಪುಟಕ್ಕೇ ಹೋದರು. ದಾರಿಯಲ್ಲಿ ಸಿಕ್ಕವರೆಲ್ಲ ಆ ಪುಟದ ವಿಷಯ ಹೇಳಿದ್ದರಂತೆ. ಆಕೆ ಗಟ್ಟಿಯಾಗಿ ಓದತೊಡಗಿದರು. ದೋಣಿಕಟ್ಟೆ ಬಂತು, ಒದ್ದೆ ಮೆಟ್ಟಿಲು ಬಂತು.

“ಬಾ, ಕೂತ್ಕೋ.”

ಆಕೆ ನಿಲ್ಲಿಸಿದರು. ಮತ್ತೆ ಓದಿದರು, ಈ ಸಲ ತುಂಬ ಮೆಲ್ಲಗೆ. ಪರೀಕ್ಷೆಯ ಫ್ರೇಮಿನ ಕೆಳಗಿಂದ ಕಣ್ಣೀರು ಇಳಿಯಿತು.

“ಲೆನ್ಸ್ ಚುಚ್ಚುತ್ತಾ ಅಮ್ಮಾ?”

“ಇಲ್ಲ. ಆ ಮುಖ್ಯಸ್ಥೆ ಇದಾಳಲ್ಲ, ಅವಳು ನಾನೇ. ನನ್ನನ್ನ ನೋಡಿಯೇ ಅವರು ಬರೆದದ್ದು. ಸೂಜಿ ಅಂದ್ರೆ ಅವರೇ. ಮದುವೆಯಾದ ದಿನದಿಂದ ಕಣ್ಣು ಮುಚ್ಚೋವರೆಗೂ ನನ್ನನ್ನ ‘ನೀವು’ ಅಂತಲೇ ಕರೆದರು. ಕೇಳಿದೋರೆಲ್ಲ, ಆಹಾ, ಎಂಥಾ ಮರ್ಯಾದಸ್ಥರು ಅಂತಿದ್ರು. ನನಗೆ ಮಾತ್ರ ನನ್ನ ಮನೇಲೇ ನೆಂಟರ ಥರ ಅನ್ನಿಸ್ತಿತ್ತು. ಒಂದು ಸಲ ಬಾಯಿ ತಪ್ಪಿಯಾದ್ರೂ ‘ಬಾ’ ಅನ್ನಲಿ ಅಂತ ಕಾದೆ. ಅನ್ನಲಿಲ್ಲ.” ಆಕೆ ಆ ಸಾಲಿನ ಮೇಲೆ ಬೆರಳಿಟ್ಟರು. “ಇದನ್ನ ಬರೆದೋರು ಬೇಕಂತಲೇ ಬರೆದ್ರಾ? ನಿಮಗೇನನ್ನಿಸುತ್ತೆ?”

ಹೌದು ಎಂದುಬಿಟ್ಟರೆ ಮುಂದಿನ ಪುಸ್ತಕ ಕೈಗೆ ಬಂದಂತೆಯೇ. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಒದ್ದೆ ಕಣ್ಣಿನ ಮುಂದೆ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

“ಇಲ್ಲಮ್ಮ” ಎಂದಳು. “ಬರೆದೋಳು ನಾನೇ. ಬೇಕಂತ ಬರೆದದ್ದಲ್ಲ. ತಪ್ಪಾಗಿದೆ. ಸೂಜಿ, ಮುಖ್ಯಸ್ಥೆ ಇಬ್ಬರೂ ಅಷ್ಟು ದಣಿದಿದ್ರು ನೋಡಿ, ನನಗೆ ಗೊತ್ತಿಲ್ಲದೇನೇ ಬಂದುಬಿಡ್ತು.”

ಆಕೆ ಫ್ರೇಮಿನೊಳಗಿಂದ ಅವಳನ್ನು ದಿಟ್ಟಿಸಿದರು. ಹೊಸ ಲೆನ್ಸಿನಲ್ಲಿ ಮುಖ ಚೆನ್ನಾಗಿಯೇ ಕಂಡಿರಬೇಕು.

“ನೀವೇ ಅಂತ ಗೊತ್ತಿತ್ತು. ನಿಮ್ಮ ಪ್ರಕಾಶಕರ ಹೊಟ್ಟೇಲಿ ಯಾವ ಮಾತು ನಿಲ್ಲುತ್ತೆ? ನನಗೆ ತಿಳೀಬೇಕಿದ್ದದ್ದು ಇದೊಂದೇ. ಬೇಕಂತ ಬರೆದಿದ್ರೆ ಅದು ಬರೀ ಜಾಣತನ ಆಗ್ತಿತ್ತು.” ಮೂಗಿನ ಮೇಲಿನ ಫ್ರೇಮು ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. “ನಿಜವಾಗಿ ಬಾಯಿ ತಪ್ಪಿಯೇ ಬಂತಲ್ಲ. ನಾನು ಕಾದದ್ದೂ ಅದಕ್ಕೇ.”

ಕನ್ನಡಕ ಯಾವಾಗ ಸಿಗುತ್ತದೆ ಎಂದು ಕೇಳಿಕೊಂಡು, ಪುಸ್ತಕವನ್ನು ಮತ್ತೆ ಕಂಕುಳಲ್ಲಿಟ್ಟುಕೊಂಡು ಎದ್ದರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

“ಮುಂದಿನದನ್ನ ಬೇಗ ಬರಿಯೇ” ಎಂದರು. “ನನ್ನ ಕಣ್ಣು ಕಾಣೋವಾಗಲೇ ಮುಗಿಸು.”