ಯಾರೋ ಗಿಡದ ಕಾವಲುಗಾರರು

ನಮ್ಮ ನರ್ಸರಿಯ ಗಾಜಿನ ಮನೆಯಲ್ಲಿ ಗುಲಾಬಿ ಸಾಲಿನ ಅಂಚಿಗೆ ನಾನು ಯಾರೋ ಗಿಡ ನೆಟ್ಟಿದ್ದೆ. ಅದರ ಇಂಗ್ಲಿಷ್ ಹೆಸರೇ ಹಾಗೆ, ನಾನಿಟ್ಟದ್ದಲ್ಲ. ಸಬ್ಬಸಿಗೆಯಂಥ ಎಲೆ, ಚಪ್ಪಟೆ ಬಿಳಿ ಹೂಗೊಂಚಲು. ಆ ಹೂವಿಗೆ ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕಿಯ ಗುಲಗಂಜಿ ಹುಳಗಳು ಬರುತ್ತವೆ, ಎಲೆಗಳ ಸಂದಿಯಲ್ಲೇ ಬೀಡುಬಿಟ್ಟು ಪಕ್ಕದ ಗುಲಾಬಿಯ ರಸ ಹೀರುವ ಹೇನು ತಿನ್ನುತ್ತವೆ. ಅಪ್ಪನಿಗೆ ಇದರಲ್ಲಿ ನಂಬಿಕೆ ಇಲ್ಲ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಹೇನು ಕಂಡರೆ ಔಷಧಿ ಹೊಡೆಯಬೇಕು, ಅಷ್ಟೇ.

ಆ ಸಾಲಿನ ಗುಲಾಬಿಗಳು ಅತ್ತಿಗೆಯವು. ಮದುವೆಯಾಗಿ ಬಂದ ಮೇಲೆ ಅತ್ತಿಗೆ ತಾವೇ ಕಡ್ಡಿ ನೆಟ್ಟು ಬೇರು ಬರಿಸಿದ ಮೊದಲ ಗಿಡಗಳು. ಅವಕ್ಕೆ ಹೇನು ಹತ್ತಿತ್ತು. ಭಾನುವಾರದವರೆಗೆ ನೋಡುತ್ತೇನೆ, ಇಳಿಯದಿದ್ದರೆ ಔಷಧಿ ಹೊಡೆಯುತ್ತೇನೆ ಎಂದು ಅಪ್ಪ ಹೇಳಿಬಿಟ್ಟಿದ್ದರು.

ಶನಿವಾರ ನಾನು ಒಳಗೆ ಕಾಲಿಟ್ಟಾಗ ಅತ್ತಿಗೆ ತೋಳಿನ ಬಟ್ಟೆ ಮೇಲಕ್ಕೆ ಮಡಚಿಕೊಂಡು ಯಾರೋ ಗಿಡಗಳ ನಡುವೆ ಕೂತಿದ್ದರು. ಪಕ್ಕದಲ್ಲಿ ಸೋಪಿನ ನೀರಿನ ಬಕೆಟ್.

“ನೋಡೇ, ಬೆಳಿಗ್ಗೆಯಿಂದ ಒಂದೊಂದೇ ಹೆಕ್ಕಿದೀನಿ. ಎಂಥ ದರಿದ್ರ ಹುಳ! ನಿನ್ನ ಗಿಡದಿಂದ ನನ್ನ ಗುಲಾಬಿಗೂ ಹತ್ತಿತ್ತು. ಗುಲಗಂಜಿ ಹುಳ ಮಾತ್ರ ಒಂದನ್ನೂ ಮುಟ್ಟಿಲ್ಲ.”

ಬಕೆಟ್ಟಿನೊಳಗೆ ಇಣುಕಿದೆ. ಕಪ್ಪು ಮೈ, ಅದರ ತುಂಬ ಮುಳ್ಳು, ಬೆನ್ನ ಮೇಲೆ ಕಿತ್ತಳೆ ಚುಕ್ಕಿ. ಪಿತ್ತ ನೆತ್ತಿಗೇರಿತು.

“ಅತ್ತಿಗೇ, ಇವೂ ಗುಲಗಂಜಿ ಹುಳಾನೇ! ಮರಿಗಳು! ದೊಡ್ಡವಕ್ಕಿಂತ ಜಾಸ್ತಿ ಹೇನು ತಿನ್ನೋದು ಇವೇ!”

“ಇವಾ? ಅಪ್ಪ ಅಮ್ಮನ ಹೋಲಿಕೇನೇ ಇಲ್ವಲ್ಲೇ.”

“ನಿಮ್ಮ ಗಂಡನಿಗೂ ಇಲ್ಲ. ಹಾಗಂತ ಬಕೆಟ್ಟಿಗೆ ಹಾಕಿದ್ರಾ?”

ಅತ್ತಿಗೆ ನಗಲಿಲ್ಲ. ನೀರಿಗೆ ಕೈ ಹಾಕಿ ಒಂದನ್ನು ಎತ್ತಿ, ಅಂಗೈ ಮೇಲಿಟ್ಟು ಮೆಲ್ಲಗೆ ಊದಿದರು. ಅದು ಅಲುಗಾಡಲಿಲ್ಲ. ಅವರ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದು ಅಯ್ಯೋ ಪಾಪ ಅನಿಸಿತು. ಇಬ್ಬರೂ ಯಾರೋ ಎಲೆಗಳನ್ನು ಬಿಡಿಸಿ ಬಿಡಿಸಿ ಹುಡುಕಿದೆವು. ಬುಡದಲ್ಲಿ ಏಳೆಂಟು ಮರಿಗಳು ಉಳಿದಿದ್ದವು.

ಅಷ್ಟರಲ್ಲಿ ಅಪ್ಪ ಔಷಧಿ ಪಂಪು ಬೆನ್ನಿಗೇರಿಸಿಕೊಂಡು ಬಂದರು. ಒಂದು ಗುಲಾಬಿ ಎಲೆ ಮಗುಚಿ ನೋಡಿದರು. ಹೇನು ಹಾಗೇ ಇತ್ತು.

“ಭಾನುವಾರ ಯಾಕೆ, ಇವತ್ತೇ ಮುಗಿಸ್ತೀನಿ. ಸರಿಯಮ್ಮ ಆಚೆ.”

ಅಪ್ಪನ ಎದುರು ಅತ್ತಿಗೆ ಅದುವರೆಗೆ ತುಟಿ ಪಿಟಕ್ಕೆಂದವರಲ್ಲ. ಎದ್ದು ಸಾಲಿಗೆ ಅಡ್ಡ ನಿಂತರು.

“ಬೇಡ ಮಾವ. ಹೊಡೆದ್ರೆ ಉಳಿದಿರೋ ಮರಿಗಳೂ ಸಾಯ್ತವೆ.”

“ಹೊಡೀದಿದ್ರೆ ಹೋಗೋದು ನಿನ್ನ ಗುಲಾಬೀನೇ.”

“ಹೋದ್ರೆ ಹೋಗ್ಲಿ. ಬೆಳಿಗ್ಗೆಯಿಂದ ನಾನು ಕೊಂದಿದ್ದು ಸಾಕು.”

ಅಪ್ಪ ಪಂಪಿನ ಪಟ್ಟಿಗಳನ್ನು ಒಂದೊಂದಾಗಿ ಭುಜದಿಂದ ಇಳಿಸಿದರು.